ಕೊನೆಯ ಸ್ನಾನದಲ್ಲಿ ಸಿಕ್ಕ ಗಂಟು

ನಮ್ಮ ಬಡಾವಣೆಯ ಮುಸ್ಲಿಂ ಮಹಿಳಾ ಸಂಘದ ಶಾಖೆಯನ್ನು ನಡೆಸುವುದು ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ. ಎಲ್ಲರೂ ಅವರನ್ನು ದೊಡ್ಡ ಆಪಾ ಎಂದು ಕರೆಯುತ್ತಾರೆ. ಆಪಾ ಅಂದರೆ ಅಕ್ಕ. ಹೆಸರಿಗೆ ಮಾತ್ರ ಅಕ್ಕ, ಜೋರು ನೋಡಿದರೆ ಹೆಡ್‌ಮೇಷ್ಟ್ರದು. ಹೊಲಿಗೆ ಕ್ಲಾಸು ಅವರದೇ, ಮಕ್ಕಳ ಓದಿನ ಕೋಣೆ ಅವರದೇ, ಗಂಡ ಹೆಂಡಿರ ಜಗಳ ಬಿಡಿಸುವುದೂ ಅವರೇ. ಸಭೆ ಮುಗಿದ ಮೇಲೆ ಕುರ್ಚಿ ಮಡಚಿಡದೆ ಹೋದವಳನ್ನು ಮನೆಯ ತನಕ ಅಟ್ಟಿಸಿಕೊಂಡು ಹೋಗಿ ಕರೆತಂದದ್ದನ್ನು ನಾನೇ ನೋಡಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಸಂಘದ ಹೊಲಿಗೆ ಕ್ಲಾಸಿಗೆ ಪಾಠ ಹೇಳುತ್ತೇನೆ. ಮನೆಯಲ್ಲೂ ಅತ್ತೆ, ಸಂಘದಲ್ಲೂ ಅತ್ತೆ. ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ಸಂಘಕ್ಕೆ ಇನ್ನೊಂದು ಕೆಲಸವಿದೆ. ಬಡಾವಣೆಯಲ್ಲಿ ನಮ್ಮ ಹೆಂಗಸರು ಯಾರಾದರೂ ತೀರಿಕೊಂಡರೆ ಗುಸ್ಲ್, ಅಂದರೆ ಕೊನೆಯ ಸ್ನಾನ, ಮಾಡಿಸುವವರು ನಾವೇ. ಹೆಂಗಸಿಗೆ ಹೆಂಗಸರೇ ಮಾಡಿಸಬೇಕು. ಮೈ ಮೇಲೆ ಬಟ್ಟೆ ಹೊದಿಸಿ, ಅದರ ಕೆಳಗೆ ಕೈ ಹಾಕಿ ತೊಳೆಯುತ್ತೇವೆ. ಆ ಕೋಣೆಯಲ್ಲಿ ಕಂಡದ್ದನ್ನು ಹೊರಗೆ ಆಡುವ ಹಾಗಿಲ್ಲ. ಸತ್ತವಳ ಮೈಯ ಗುಟ್ಟು ನಮ್ಮನ್ನು ನಂಬಿ ಒಪ್ಪಿಸಿದ ಅಮಾನತ್ತು. ಅತ್ತೆ ಈ ಮಾತನ್ನು ಹೊಸಬರಿಗೆಲ್ಲ ಕಿವಿ ಹಿಂಡಿ ಹೇಳಿಕೊಡುತ್ತಾರೆ.

ಆ ದಿನ ಬೆಳಿಗ್ಗೆ ಬೇಕರಿ ಅಕ್ಕ ತೀರಿಕೊಂಡ ಸುದ್ದಿ ಬಂತು. ನಮ್ಮ ಬೀದಿ ಕೊನೆಯ ಬೇಕರಿಯಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದವಳು. ನಗುಮುಖ, ಬಾಯ್ತುಂಬ ಮಾತು. ಇನ್ನೂ ವಯಸ್ಸಾಗಿರಲಿಲ್ಲ.

"ಏನಾಗಿತ್ತಂತೆ?" ಅಂದೆ.

"ಸುಸ್ತು, ಕೆಮ್ಮು ಅಂತಿದ್ದಳು. ನಡಿ, ನೀರು ಕಾಯಿಸಬೇಕು. ಇವತ್ತು ನೀನೂ ಕೈ ಹಾಕು" ಅಂದರು ಅತ್ತೆ.

ನನಗೆ ಅದೇ ಮೊದಲು. ಕೋಣೆಯಲ್ಲಿ ನಾವು ಮೂವರು: ಅತ್ತೆ, ನಾನು, ಮತ್ತು ನಮ್ಮ ಸಂಘದ ನರ್ಸಮ್ಮ. ನರ್ಸಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಮಾತು ಕಮ್ಮಿ. ಬಾಗಿಲು ಹಾಕಿ, ಕಿಟಕಿಗೆ ಪರದೆ ಎಳೆದು, ಬೇಕರಿ ಅಕ್ಕನ ಮೇಲೆ ದಪ್ಪ ಬಟ್ಟೆ ಹೊದಿಸಿ, ಅವಳು ತೊಟ್ಟಿದ್ದ ಬಟ್ಟೆಯನ್ನು ಕತ್ತರಿಸಿ ತೆಗೆದೆವು. ಒಳಗೆ ಮತ್ತೊಂದು ಬಟ್ಟೆ. ಎದೆಗೆ ಬಿಗಿಯಾಗಿ ಸುತ್ತಿದ ಹಳೆ ದುಪಟ್ಟಾ. ಅದರ ಒಳಗೆ ಮಡಿಕೆ ಮಡಿಕೆ ಹತ್ತಿ. ಮೇಲೆ ಪೌಡರು, ಅತ್ತರಿನ ಘಮ.

ಹತ್ತಿ ಬಿಡಿಸಿದಾಗ ವಾಸನೆ ಮೂಗಿಗೆ ಬಡಿಯಿತು. ನಾನು ಬಟ್ಟೆಯ ಕೆಳಗೆ ಕೈ ಹಾಕಿದೆ. ಎಡ ಎದೆಯಲ್ಲಿ ಕಲ್ಲಿನಂಥ ಗಂಟು, ಅದರ ಮೇಲೆ ಒಡೆದ ಹುಣ್ಣು. ಕಂಕುಳಲ್ಲೂ ಗಂಟು. ನನ್ನ ಕೈ ನಿಂತಿತು. ಈ ಹುಣ್ಣು ಕಟ್ಟಿಕೊಂಡು ಅವಳು ಮೊನ್ನೆ ಮೊನ್ನೆಯ ತನಕ ನನಗೆ ಬ್ರೆಡ್ಡು ಕಟ್ಟಿಕೊಟ್ಟಿದ್ದಳು!

"ಕೈ ನಿಲ್ಲಿಸಬೇಡ. ಮೆತ್ತಗೆ ತೊಳಿ" ಅಂದರು ಅತ್ತೆ. ಅವರ ದನಿ ಒಂದಿಷ್ಟೂ ನಡುಗಲಿಲ್ಲ.

ಹೊರಗೆ ಬಂದಾಗ ಅವಳ ಗಂಡ ಗೋಡೆಗೆ ಒರಗಿ ನಿಂತಿದ್ದ. "ಒಂದು ದಿನಾನೂ ಹುಷಾರಿಲ್ಲ ಅಂತ ಮಲಗಿದವಳಲ್ಲ ಆಪಾ" ಅಂದ. ಒಂದೇ ಮನೆ, ಒಂದೇ ಸೂರು, ಅವನಿಗೆ ಗೊತ್ತೇ ಇರಲಿಲ್ಲ. ನಾವು ಮೂವರೂ ತಲೆ ತಗ್ಗಿಸಿ ಬಂದೆವು.

ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅತ್ತೆ, ನಿಮಗೆ ಭಯ ಆಗಲಿಲ್ವಾ?"

ಅತ್ತೆ ಕೈ ಒರೆಸಿಕೊಳ್ಳುತ್ತಾ, "ಹೊಸದೇನಲ್ಲ ಬಿಡು. ಹಿಂದೆಯೂ ನೋಡಿದ್ದೀನಿ" ಅಂದರು.

"ಹಿಂದೆಯೂ ಅಂದ್ರೆ? ಬೇರೆಯವರಿಗೂ ಹೀಗೇ ಆಗಿತ್ತಾ?"

"ಆಗಿತ್ತು. ಯಾರು ಏನು ಅಂತ ಕೇಳಬೇಡ, ಹೇಳಲ್ಲ. ಕಂಡದ್ದನ್ನ ಅಲ್ಲೇ ಬಿಟ್ಟು ಬರಬೇಕು."

ಒಬ್ಬಳಲ್ಲ, ಹಲವರು. ನಮ್ಮದೇ ಬೀದಿ, ನಮ್ಮದೇ ಸಂಘ. ಹೊಲಿಗೆ ಕಲಿಸಿದೆವು, ಓದು ಕಲಿಸಿದೆವು, ಕುರ್ಚಿ ಮಡಚುವುದನ್ನೂ ಕಲಿಸಿದೆವು. ಇದೊಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮರುದಿನ ನರ್ಸಮ್ಮ ಸಂಘದ ಹಾಲ್‌ಗೆ ಬಂದರು. ಕೂರಲೂ ಇಲ್ಲ.

"ಆಪಾ, ಇನ್ನು ಸುಮ್ಮನಿರೋಕಾಗಲ್ಲ. ಇದು ಸ್ತನ ಕ್ಯಾನ್ಸರ್. ಬೇಗ ತೋರಿಸಿದ್ದರೆ ಅವಳು ಬದುಕಿರೋ ಸಾಧ್ಯತೆ ತುಂಬಾ ಇತ್ತು. ಇಲ್ಲೇ ಒಂದು ತಪಾಸಣೆ ಇಡೋಣ. ಲೇಡಿ ಡಾಕ್ಟರನ್ನ ನಾನು ಕರ್ಕೊಂಡು ಬರ್ತೀನಿ."

"ಇಲ್ಲಿ? ಎದೆ ತೋರಿಸೋಕೆ?" ಅತ್ತೆಯ ಹುಬ್ಬು ಮೇಲೇರಿತು. "ನಾಳೆ ಗಂಡಸರು ಏನಂತಾರೆ? ಅದೂ ಅಲ್ಲದೆ, ಯಾಕೆ ಅಂತ ಕೇಳಿದರೆ ಬೇಕರಿಯವಳ ವಿಷಯ ಹೊರಗೆ ಬರುತ್ತೆ. ಅಮಾನತ್ತು ಅದು."

"ಅವಳ ಹೆಸರು ನನ್ನ ಬಾಯಿಂದಲೂ ಬರಲ್ಲ ಆಪಾ. ಆದರೆ ರೋಗದ ಹೆಸರು ಹೇಳೋಕೆ ಏನಡ್ಡಿ? ಮನೆಗೆ ಹಾವು ಬಂದರೆ ಹಾವು ಅಂತ ಕೂಗಲ್ವಾ?"

"ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಮೈಯೆಲ್ಲ ಹರಡುತ್ತಂತೆ."

"ಯಾರೋ ಹೇಳಿದ ಸುಳ್ಳು ಅದು. ಪರೀಕ್ಷೆಯಿಂದ ರೋಗ ಹರಡಲ್ಲ, ತಡ ಮಾಡಿದರೆ ಹರಡುತ್ತೆ. ಇದು ಅಂಟುರೋಗವೂ ಅಲ್ಲ."

ಅತ್ತೆ ಬಗ್ಗಲಿಲ್ಲ. ಕೊನೆಗೆ ನಾನೇ ಬಾಯಿ ಹಾಕಿದೆ. "ಅತ್ತೆ, ಅವಳಿಗೆ ಮಗಳಿದ್ದಾಳೆ. ತಾಯಿಗೆ ಬಂದಿದ್ದರೆ ಮಗಳು ಇನ್ನೂ ಹೆಚ್ಚು ಹುಷಾರಾಗಿರಬೇಕಲ್ವಾ?" ಅತ್ತೆ ಎದ್ದು ಹೋಗಿ ಕಿಟಕಿಗಳಿಗೆ ಪರದೆ ಎಷ್ಟು ಬೇಕೆಂದು ಅಳತೆ ತೆಗೆಯಲು ಶುರು ಮಾಡಿದರು. ಅವರು ಒಪ್ಪಿಕೊಳ್ಳುವ ರೀತಿಯೇ ಅದು.

ಒಮ್ಮೆ ಒಪ್ಪಿದರೆ ಮುಗಿಯಿತು. ದೊಡ್ಡ ಆಪಾ ಮನೆಮನೆಗೆ ಹೋದರು. "ಅಡುಗೆ ಇದೆ" ಅಂದವಳ ಒಲೆ ತಾವೇ ಆರಿಸಿ ಕರೆತಂದರು. ಬರುವುದಿಲ್ಲ ಅಂದವರ ಎದುರು ಕೂತು, "ನೀನು ಏಳೋ ತನಕ ನಾನು ಹೋಗೋಳಲ್ಲಮ್ಮ ನಿನ್ನ ಮನೆಯಿಂದ" ಅಂದರು. ಹಾಲ್ ತುಂಬಿತು. ಬೇಕರಿ ಅಕ್ಕನ ಮಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತಳು.

ನರ್ಸಮ್ಮ ಎದ್ದು ನಿಂತು ನೇರವಾಗಿ ಹೇಳಿದರು. "ತಿಂಗಳಿಗೊಮ್ಮೆ, ಮುಟ್ಟು ನಿಂತ ಕೆಲವು ದಿನಕ್ಕೆ, ಸ್ನಾನದ ಮನೇಲಿ ನಿಮ್ಮ ಎದೆ ನೀವೇ ಮುಟ್ಟಿ ನೋಡ್ಕೊಳ್ಳಿ. ಮುಟ್ಟು ಪೂರ್ತಿ ನಿಂತವರು ತಿಂಗಳಲ್ಲಿ ಯಾವುದಾದರೂ ಒಂದು ದಿನ ಇಟ್ಕೊಳ್ಳಿ. ಬೆರಳು ಚಪ್ಪಟೆ ಮಾಡಿ ಸುತ್ತಲೂ ಒತ್ತಿ ನೋಡಿ, ಕಂಕುಳನ್ನೂ ಬಿಡಬೇಡಿ. ಕನ್ನಡಿ ಮುಂದೆ ನಿಂತು ಕಣ್ಣಲ್ಲೂ ನೋಡಿ. ಗಂಟು, ಚರ್ಮ ಗುಳಿ ಬೀಳೋದು, ಕಿತ್ತಳೆ ಸಿಪ್ಪೆ ಥರ ಆಗೋದು, ತೊಟ್ಟು ಒಳಕ್ಕೆ ಹೋಗೋದು, ತೊಟ್ಟಿಂದ ರಕ್ತ ಬರೋದು, ವಾಸಿಯಾಗದ ಹುಣ್ಣು, ಯಾವುದು ಕಂಡರೂ ಡಾಕ್ಟರ ಹತ್ತಿರ ಓಡಿ."

"ನೋವಿಲ್ಲದಿದ್ರೆ?" ಯಾರೋ ಕೇಳಿದರು.

"ನೋವಿಲ್ಲ ಅಂತ ಸುಮ್ಮನಾಗೋದೇ ಅಪಾಯ. ಶುರುವಿನಲ್ಲಿ ಬಹಳಷ್ಟು ಜನಕ್ಕೆ ನೋವೇ ಇರಲ್ಲ. ಹಾಗಂತ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಯಾವುದು ಅಂತ ಹೇಳೋಕೆ ಡಾಕ್ಟರೇ ಬೇಕು, ನಿಮ್ಮ ಪಕ್ಕದ ಮನೆಯವಳಲ್ಲ."

ಹಾಲ್‌ನಲ್ಲಿ ನಗು ಎದ್ದಿತು. ಒಬ್ಬೊಬ್ಬರೇ ಪರದೆಯ ಹಿಂದೆ ಕೂತಿದ್ದ ಲೇಡಿ ಡಾಕ್ಟರ ಹತ್ತಿರ ಹೋಗಿ ಬಂದರು. ಬೇಕರಿ ಅಕ್ಕನ ಮಗಳು ಮಾತ್ರ ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಡಾಕ್ಟರಮ್ಮ, "ದೊಡ್ಡ ಆಪಾ, ಈಗ ನೀವು" ಅಂದರು.

"ನನಗೇನಾಗಿದೆ? ಗುಂಡುಕಲ್ಲು ಇದ್ದ ಹಾಗಿದ್ದೀನಿ" ಅಂತ ಅತ್ತೆ ಟೀ ಲೋಟ ಎತ್ತಿಕೊಂಡು ಹೋಗಿಬಿಟ್ಟರು.

ಡಾಕ್ಟರಮ್ಮನೂ ಉಳಿದವರೂ ಹೊರಟ ಮೇಲೆ ಹಾಲ್‌ನಲ್ಲಿ ನಾವು ಅದೇ ಮೂವರು ಉಳಿದೆವು. ಅತ್ತೆ ಸ್ಟೂಲ್ ಹತ್ತಿ ಪರದೆ ಬಿಚ್ಚುತ್ತಿದ್ದರು. ಸ್ಟೂಲ್ ಅಲ್ಲಾಡಿತು. ಅವರು ವಾಲಿದರು. ನಾನು ಓಡಿ ಹೋಗಿ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡೆ.

ನನ್ನ ಎಡಗೈಗೆ ಏನೋ ಗಟ್ಟಿಯಾಗಿ ತಾಗಿತು. ಕಂಕುಳಿಂದ ಕೆಳಗೆ, ಎದೆಯ ಪಕ್ಕಕ್ಕೆ.

ಆ ಗಟ್ಟಿ ನನ್ನ ಕೈಗೆ ಗೊತ್ತಿತ್ತು. ಬೇಕರಿ ಅಕ್ಕನನ್ನು ತೊಳೆದ ಕೈ ಅದು. ಅತ್ತೆಯನ್ನು ಕೆಳಗಿಳಿಸಿದೆ, ಕೈ ಮಾತ್ರ ಬಿಡಲಿಲ್ಲ.

"ಅತ್ತೆ, ಇದೇನು?"

"ಏನಿಲ್ಲ. ಬಿಡು."

"ಇದೇನು ಅಂದೆ!" ಮದುವೆಯಾಗಿ ಬಂದ ಮೇಲೆ ಅವರ ಮುಂದೆ ನಾನು ದನಿ ಏರಿಸಿದ್ದು ಅದೇ ಮೊದಲು.

ನರ್ಸಮ್ಮ ಕೈಯಲ್ಲಿದ್ದ ಪರದೆಯನ್ನು ಕೆಳಗೆ ಹಾಕಿ ಬಂದರು. ಅತ್ತೆ ಕುರ್ಚಿಯಲ್ಲಿ ಕುಸಿದರು. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಆಪಾ ಮುಖ ಮುಚ್ಚಿಕೊಂಡು ಅತ್ತರು.

"ಗೊತ್ತು ನನಗೆ. ಗೊತ್ತಾಗಿ ಬಹಳ ದಿನ ಆಯ್ತು" ಅಂದರು.

"ಗೊತ್ತಿದ್ದೂ ಸುಮ್ಮನಿದ್ದಿರಾ? ಊರವರನ್ನೆಲ್ಲ ಕರೆತಂದು ಒಳಗೆ ತಳ್ಳಿದಿರಿ, ನೀವು ಹೋಗಲಿಲ್ಲ!" ಸಿಟ್ಟೋ ಭಯವೋ ನನಗೇ ತಿಳಿಯಲಿಲ್ಲ.

"ಹೋಗಿ ಏನು ಮಾಡಲಿ?" ಅತ್ತೆ ತಲೆ ಎತ್ತಿದರು. "ಈ ಗಂಟು ಇದ್ದವರನ್ನ ನಾನು ನೋಡಿದ್ದೀನಿ. ಎಲ್ಲರೂ ಹೆಣವಾಗಿಯೇ ನನ್ನ ಮುಂದೆ ಮಲಗಿದ್ದರು. ಬದುಕಿದವಳು ಒಬ್ಬಳೂ ಇಲ್ಲ. ಬರೋ ಸಾವಿಗೆ ಆಸ್ಪತ್ರೆ ಬೇರೆ ಕೇಡು ಅಂತ ಬಿಟ್ಟೆ."

ಇಷ್ಟು ವರ್ಷ ತೊಳೆದ ಕೈ ಅವರಿಗೆ ಕಲಿಸಿದ ಪಾಠ ಇದು! ಸತ್ತವರನ್ನು ಮಾತ್ರ ನೋಡಿ ನೋಡಿ, ಬದುಕುವುದೇ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದರು.

ನರ್ಸಮ್ಮ ಬಾಗಿಲಿನ ಚಿಲಕ ಹಾಕಿ ಬಂದು ಅತ್ತೆಯ ಮುಂದೆ ಕೂತರು. "ವಾಸಿಯಾದವರು ನಿಮ್ಮ ಹತ್ತಿರ ಯಾಕೆ ಬರ್ತಾರೆ ಆಪಾ? ಅವರು ಮನೇಲಿ ಅಡುಗೆ ಮಾಡ್ಕೊಂಡಿರ್ತಾರೆ. ಕೆಲಸಕ್ಕೆ ಹೋಗ್ತಿರ್ತಾರೆ. ನಿಮ್ಮ ಜೊತೆ ಕೂತು ಟೀ ಕುಡೀತಿರ್ತಾರೆ."

"ಯಾರು? ಒಬ್ಬಳನ್ನ ತೋರಿಸು ನೋಡೋಣ."

ನರ್ಸಮ್ಮ ಅತ್ತೆಯ ಕೈ ಹಿಡಿದು ತಮ್ಮ ಬಲ ಎದೆಯ ಮೇಲೆ ಇಟ್ಟುಕೊಂಡರು. ಒಳಗೆ ಬರೀ ಬಟ್ಟೆಯ ಮಡಿಕೆ. ಅದರ ಕೆಳಗೆ ಚಪ್ಪಟೆ.

ಅತ್ತೆ ಬೆಂಕಿ ತಾಗಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. "ಯಾ ಅಲ್ಲಾ! ನಿನಗಾ? ಯಾವಾಗ?"

"ಈ ಊರಿಗೆ ಬರೋ ಮೊದಲು. ಬೇಗ ಸಿಕ್ಕಿತು, ಆಪರೇಷನ್ ಮಾಡಿದರು, ಔಷಧಿ ಕೊಟ್ಟರು. ಕೂದಲು ಉದುರಿತ್ತು, ಮತ್ತೆ ಬಂತು. ಇಲ್ಲಿ ನನ್ನ ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಾಚಿಕೆಗೆ ನಾನೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಮೊದಲೇ ಹೇಳಿದ್ದರೆ ನೀವು ಇಷ್ಟು ದಿನ ಕಾಯ್ತಿರಲಿಲ್ಲ."

ಮೂವರೂ ಎಷ್ಟು ಹೊತ್ತು ಅತ್ತೆವೋ ಗೊತ್ತಿಲ್ಲ. ಕೊನೆಗೆ ಮೂಗು ಒರೆಸಿಕೊಂಡು ಅತ್ತೆಯೇ ಎದ್ದರು. "ಡಾಕ್ಟರಮ್ಮ ಎಷ್ಟು ದೂರ ಹೋಗಿರಬಹುದು? ಫೋನ್ ಮಾಡು" ಅಂದರು.

ಮನೆಯಲ್ಲಿ ಮಾವ ಸುದ್ದಿ ಕೇಳಿ ಬಿಳಿಚಿಕೊಂಡರು. "ಹೆಂಗಸರ ವಿಷಯ ಅಂತ ನಾನು ಕೇಳಲೇ ಇಲ್ಲ, ಇವಳೂ ಹೇಳಲಿಲ್ಲ" ಎಂದು ಗೋಡೆ ನೋಡುತ್ತಾ ಕೂತರು. ಆಮೇಲೆ ಪ್ರತಿ ಸಲವೂ ಆಸ್ಪತ್ರೆಗೆ ಜೊತೆಗೆ ಹೋದವರು ಅವರೇ. ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಬಂತು. ತಡವಾಗಿತ್ತು, ಆದರೆ ಕೈ ಮೀರಿರಲಿಲ್ಲ. ಆಪರೇಷನ್ ಆಯಿತು. ಔಷಧಿ ಇನ್ನೂ ನಡೆಯುತ್ತಿದೆ. ಅತ್ತೆಗೆ ವಾಂತಿ, ಸುಸ್ತು ಎಲ್ಲ ಇದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಕುರ್ಚಿ ಮಡಚಿದಿರಾ ಎಂದು ಕೇಳುತ್ತಾರೆ.

ಮೊನ್ನೆ ಸಂಘದ ಸಭೆಗೆ ಅವರೇ ಬಂದರು. ನನ್ನ ತೋಳು ಹಿಡಿದು ಎದ್ದು ನಿಂತರು.

"ಸತ್ತವರ ಮೈಯಲ್ಲಿ ನಾನು ಏನು ನೋಡಿದೆ ಅಂತ ಸಾಯೋ ತನಕ ಹೇಳಲ್ಲ. ಆದರೆ ಇದು ನನ್ನ ಮೈ. ಇದರ ಗುಟ್ಟು ನನ್ನದು, ಇವತ್ತು ನಾನೇ ಬಿಟ್ಟುಕೊಡ್ತೀನಿ, ಕೇಳಿ" ಅಂದರು. ಎಲ್ಲವನ್ನೂ ಹೇಳಿದರು. ಅವರು ಮುಗಿಸಿದ ಮೇಲೆ ನರ್ಸಮ್ಮ ಎದ್ದು ನಿಂತು, "ನನಗೂ ಆಗಿತ್ತು" ಅಂದರು. ಆಗ ಹಿಂದಿನ ಸಾಲಿನಿಂದ ಬೇಕರಿ ಅಕ್ಕನ ಮಗಳು ಕೇಳಿದಳು, "ಆಪಾ, ಎಲ್ಲಿ ತೋರಿಸಬೇಕು? ನಾಳೆ ನನ್ನ ಜೊತೆ ಯಾರು ಬರ್ತೀರಾ?" ಹಾಲ್‌ನ ತುಂಬ ಕೈ ಎದ್ದವು.

ಅಕ್ಕಂದಿರೇ, ತಂಗಿಯರೇ, ನಿಮ್ಮೂರಿನಲ್ಲೂ ಸಂಘವಿರಬಹುದು. ಯಾವ ಧರ್ಮದ್ದಾದರೂ ಸರಿ, ಯಾವ ಹೆಸರಿನದಾದರೂ ಸರಿ, ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ಲೇಡಿ ಡಾಕ್ಟರೇ ಬೇಕು ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹೋಗಲು ಹೆದರಿಕೆಯಾದರೆ ಜೊತೆಗೆ ಒಬ್ಬಳನ್ನು ಕರೆದುಕೊಳ್ಳಿ. ವಾಸಿಯಾಗಿ ಬಂದವರಿದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಿ, ನಿಮ್ಮನ್ನು ನೋಡಿ ಇನ್ನೊಬ್ಬಳು ಬದುಕುತ್ತಾಳೆ. ಗಂಡಂದಿರೇ, ನೀವೂ ಹೆಂಡತಿಯನ್ನು ಒಂದು ಮಾತು ಕೇಳಿ.

ಈಗ ಈ ಹಾಳೆಯನ್ನು ಕೆಳಗಿಡಿ. ಬಾಗಿಲು ಹಾಕಿಕೊಂಡು ನಿಮ್ಮ ಮೈಯನ್ನು ನೀವೇ ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅಡುಗೆ ಸ್ವಲ್ಪ ಹೊತ್ತು ಕಾಯುತ್ತದೆ.