ತಡ ಮಾಡಾಕ ಹತ್ತಿದ ಬಸ್ಸು

ಎಷ್ಟು ತಂಪು ಮಾಡ್ಯಾರಪಾ ಇದರಾಗ, ಎಸಿ ಗಾಳಿ ನೆತ್ತಿ ಮ್ಯಾಲನ ಬೀಸಾಕತ್ತೈತಿ, ಸೆರಗು ಎಳಕೊಂಡು ಹೊದ್ದರೂ ಬಿಡವಲ್ದು, ಹೊರಗ ನೋಡಿದ್ರ ಸುಡುಸುಡು ಬಿಸಲು — ಏರ್‌ಪೋರ್ಟಿನಿಂದ ಬಿಟ್ಟ ಬಸ್ಸು ಒಂದು ಫ್ಲೈಓವರ್ ಹತ್ತಿತು, ಇಳೀತು, ಈಗ ಗಾಡಿಗಳ ನಡುವ ಸಿಕ್ಕೊಂಡು ನಿಂತದ್ದು ನಿಂತ ಐತಿ, ಮುಂದಿನ ಸೀಟಿನಾಕಿ ಮೊಬೈಲ್ ನೋಡಿ ನೋಡಿ ಹಣಿ ಬಡ್ಕೊಳ್ಳಾಕತ್ತಾಳ, ನಾ ಒಬ್ಬಾಕಿ ಮಾತ್ರ ನಿಲ್ಲಲಿ, ಇನ್ನೊಂದೀಟು ನಿಲ್ಲಲಿ ಅನ್ನಾಕತ್ತೀನಿ. ಹನ್ನೊಂದೂವರಿಗೆ ಮುಹೂರ್ತ. ಈಗ ಹತ್ತೂ ನಲವತ್ತು. ಘಾಟ್ಕೋಪರಕ್ಕ ಹೋಗ್ತೈತೇನೋ ಅಂತ ಹತ್ತೂವಾಗ ಕೇಳಿದ್ದೆ, ಘಾಟ್ಕೋಪರ್ ಆದ್ರ ಈ ಬಸ್ಸು ಅಲ್ಲ ಮಾವಶಿ, ಇದು ಬೈಕುಲ್ಲಾ ಕಡೆ ಹೋಗೂದು ಅಂದ ಕಂಡಕ್ಟರ್, ಗೊತ್ತೈತೋ, ಬೈಕುಲ್ಲಾಕ್ಕ ಕೊಡು ಅಂತ ನಮ್ಮ ಬೆಳಗಾವಿ ಮರಾಠಿಯೊಳಗ ಹೇಳಿದೆ, ಇಕಿಗೇನು ತಲಿ ಕೆಟ್ಟೈತೋ ಅನ್ನುವಂಗ ನೋಡಿ ಟಿಕೀಟು ಕೊಟ್ಟ. ಕೆಟ್ಟೈತಿ ಅಂತನ ಅನ್ಕೋ. ತಮ್ಮ ಶ್ರೀಮಂತನ ಮನಿ ಆ ಘಾಟ್ಕೋಪರ್ ಕಡೆ, ನಾ ಈ ಕಡೆ. ಕಾರು ತಗೊಂಡು ಬರ್ತೀನಿ ಅಂದಿದ್ದ ಅವ, ಬ್ಯಾಡೋ, ಬೆಳಗಾವ್ಯಾಗ ವಿಮಾನನ ಬಿಟ್ಟಿಲ್ಲ, ನಾ ಬರೂದು ಮಧ್ಯಾಹ್ನ ಆಗ್ತೈತಿ, ನೀವು ಕೂಸಿಗೆ ಹೆಸರಿಡೂದು ಮುಗಿಸಿಬಿಡ್ರಿ ಅಂತ ಫೋನಿನಾಗ ಅಂದೆ, ಮುಂಬೈದಾಗ ಇಳದು, ಬ್ಯಾಗು ಕಾಲಾಗ ಇಟ್ಕೊಂಡು ಅಂದೆ. ಅವ್ವ ಸತ್ತಾಗ ಅವಂಗ ಮೂರು ವರ್ಷ, ನನಗ ಹದಿಮೂರು, ಅವ್ವ ಎಲ್ಲಿ ಅಂದಾಗ ಸಂತಿಗೆ ಹೋಗ್ಯಾಳ ಅಂದಿದ್ದೆ, ಅದಾದ ಮ್ಯಾಲ ಅವಂಗ ನಾ ಹೇಳಿದ ಎರಡನೇ ಸುಳ್ಳು ಇದು.

ಏನ ಮಾಡ್ಲಿ ಮತ್ತ. ಸೋದರತ್ತಿ ನಾ, ಇರಾಕಿ ಒಬ್ಬಾಕಿ, ಕೂಸಿನ ಕಿವ್ಯಾಗ ಕುರ್ರ್ ಅಂದು ಹೆಸರು ಹೇಳೂದು ನಂದ ಹಕ್ಕು, ಸುತ್ತ ನಿಂತ ಹೆಂಗಸರೆಲ್ಲಾ ನಕ್ಕೋತ ಅತ್ತಿ ಬೆನ್ನಿಗೆ ಗುದ್ದಬೇಕು, ಹಂಗ ಆಗಬೇಕಾಗಿತ್ತು — ಅವರು ಇದ್ದಿದ್ರ. ಗುರಲಿಂಗಪ್ಪ, ನನ್ನ ಗಂಡ, ಮುಂಜಾನೆ ಎದಿ ಹಿಡದೈತಿ ಅಂದವರು ಸಂಜಿಗೆ ಇಲ್ಲ, ಹನ್ನೊಂದು ವರ್ಷ ಆತು. ಅಂದಿನಿಂದ ಊರಾಗ ಹುಟ್ಟಿದ ಕೂಸಿಗೆಲ್ಲಾ ಕುಂಚಿಗಿ ಹೊಲಿಯಾಕಿ ನಾನ, ತಲಿಗೆ ಕಟ್ಟಾಕಿ ಬ್ಯಾರೇದಾಕಿ. ಯಾರೂ ಬೈಯೂದಿಲ್ಲ, ಬೈದಿದ್ರ ತಿರುಗಿ ಬೈತಿದ್ದೆ, ನನ್ನ ಬಾಯಿ ಏನು ಸಣ್ಣದಲ್ಲ. ಹಾಲವ್ವ ಚಿಗವ್ವನ ಮೊಮ್ಮಗನ ತೊಟ್ಟಲಾ ತೂಗಾಕ ಅಂತ ಹಗ್ಗ ಹಿಡದೆ, ಆಕಿ ಬಂದು ನನ್ನ ಒಂದೊಂದ ಬೆರಳು ಮೆಲ್ಲಕ ಬಿಡಿಸಿದ್ಲು, ಎಷ್ಟು ಪ್ರೀತಿಲೆ ಬಿಡಿಸಿದ್ಲು, ನೀ ಒಳಗ ಚಾ ನೋಡವಾ ಕಾಶವ್ವಾ ಅಂದ್ಲು. ಎಂಟು ದಿನಕ್ಕ ಆ ಹುಡುಗಗ ಜ್ವರ ಬಂತು, ಎಲ್ಲಾರೂ ನನ್ನ ಕಡೆ ನೋಡಿದ್ರು. ಹಂತಾದ್ದೆಲ್ಲಾ ನಾ ನಂಬೂದಿಲ್ಲ. ನಂಬೂದಿಲ್ಲ, ಆದ್ರ ಶ್ರೀಮಂತನ ಕೂಸಿಗೆ ನಾಳೆ ಒಂದು ನೆಗಡಿ ಬಂದ್ರೂ ನನ್ನ ಎದಿ ಒಡೀತೈತಿ, ಅವನ ಮರಾಠಿ ಹೆಂಡ್ತಿ ವೈಶಾಲಿ ನನ್ನ ಕಡೆ ಹಂಗ ನೋಡಿದ್ರ ನಾ ಉಳಿಯಂಗಿಲ್ಲ. ಹೋದ ವಾರ ಅವ ಅಂದಿದ್ದ, ಅಕ್ಕಾ, ಸೌಮ್ಯಾ ಅಂತ ಇಡೂದು, ನೀನ ಹೇಳಬೇಕು ಕಿವ್ಯಾಗ. ಸೌಮ್ಯಾ. ವಿಮಾನದಾಗೂ ಹೇಳಿ ನೋಡಿದೆ, ಬಸ್ಸಿನ ಕಾಜಿಗೆ ಬಾಯಿ ಹಚ್ಚಿ ಈಗೊಂದು ಸಲ ಹೇಳಿದೆ, ಕಾಜಿನ ಮ್ಯಾಲ ಉಸಿರು ಮೂಡಿ ಆರಿ ಹೋತು. ಆಸೆ ಇಲ್ಲಂತ ಯಾರಿಗೆ ಹೇಳ್ಲಿ, ಹೊಟ್ಟಿ ತುಂಬ ಆಸೆ ಐತಿ.

ಹನ್ನೊಂದೂವರಿ ಆತು, ಬಸ್ಸು ಹರದಾಡಾಕತ್ತೈತಿ, ಈಗ ಇಟ್ಟಿರ್ತಾರ ಹೆಸರು, ಯಾರೋ ಪುಣ್ಯವಂತಿ ಬಗ್ಗಿ ಹೇಳಿರ್ತಾಳ, ಛಲೋ ಆತು ಬಿಡು — ಛಲೋ ಆಗಿದ್ರ ಕಣ್ಣೀರು ಯಾಕ ಬರಬೇಕು ಹುಚ್ಚಿ. ಹನ್ನೆರಡು. ಇನ್ನ ಹೋಗಿ ಮಾರಿ ತೋರಿಸಿದ್ರ ಆತು, ಹೋಳಿಗಿ ಉಂಡು, ಕೂಸಿನ ಕಾಲು ಮುಟ್ಟಿ — ಫೋನು ನಡಗಾಕತ್ತಿತು ತೊಡಿ ಮ್ಯಾಲ. ವಿಡಿಯೋ. ಶ್ರೀಮಂತನ ಮಾರಿ, ಸಿಟ್ಟಿಲ್ಲ, ಅಕ್ಕಾ, ನಿನ್ನ ವಿಮಾನ ಒಂಬತ್ತೂ ಇಪ್ಪತ್ತಕ್ಕ ಇಳದೈತಿ, ಮೊಬೈಲಿನಾಗ ಎಲ್ಲಾ ತೋರಸ್ತೈತಿ, ಎಲ್ಲಿ ಅದಿ? ಹೆಸರು ಇಟ್ಟಾತೇನೋ ಅಂದೆ. ಎಲ್ಲಿ ಇಡೂದು, ನೀ ಬರಬೇಕಲಾ. ವೈಶಾಲಿ ಫೋನು ಕಸಕೊಂಡ್ಲು, ಅಕ್ಕಾ, ನಾವು ಎಲ್ಲಾ ವೇಟ್ ಮಾಡ್ತಾ ಇದೀವಿ, ಅಂತ ತಡವರಿಸಿಕೊಂಡು ಕನ್ನಡದಾಗನ ಅಂದ್ಲು ಪಾಪ, ಆಗ ತಡೀಲಿಲ್ಲ, ಬಸ್ಸಿನವರೆಲ್ಲಾ ತಿರುಗಿ ನೋಡುವಂಗ ಅಂದುಬಿಟ್ಟೆ, ನಾ ಗಂಡ ಇಲ್ಲದಾಕಿ ಅದೀನವಾ, ನನ್ನ ಬಾಯಿಲೆ ಬ್ಯಾಡ, ಯಾರರೆ ಮುತ್ತೈದಿ ಕಡಿಂದ ಹೇಳಸ್ರಿ. ಅಕಿಗೆ ಎಷ್ಟು ತಿಳೀತೋ, ಮುಹೂರ್ತ ಮೀರ್ತೈತಿ ಅಂತ ಮ್ಯಾಲಿನ ಮನಿ ಯಕ್ಷಿತಾ ಆಗಲೇ ತೊಟ್ಟಲಾಕ್ಕ ಬಗ್ಗಿದ್ಲಂತ, ನಾನ ಹೇಳಿಬಿಡ್ಲಾ ಅಂದಿದ್ಲಂತ, ಆಯಿ ಬಿಡಲಿಲ್ಲ ಅಕ್ಕಾ, ನೋಡಿ ನೀವೇ — ಅಂತ ಫೋನು ತೊಟ್ಟಲಾದ ಕಡೆ ತಿರುಗಿಸಿದ್ಲು.

ಆಯಿ ಅಂದ್ರ ವೈಶಾಲಿ ತಾಯಿ, ರುಕ್ಮಿಣಿಬಾಯಿ, ತೊಟ್ಟಲಾದ ಪಕ್ಕ ನೆಲಕ್ಕ ಕುಂತಾಳ, ಎರಡೂ ಕೈ ಒಳಗ ಚಾಚಿ ಕೂಸಿನ ಎರಡೂ ಕಿವಿ ಅಂಗೈಲೆ ಮುಚ್ಚಿ ಹಿಡದಾಳ, ಯಾರೂ ಅತ್ತಿಕಿಂತ ಮೊದಲು ಹೆಸರು ಹಾಕಬಾರದು ಅಂತ, ಹನ್ನೊಂದೂವರಿಯಿಂದ ಹಿಂಗ ಕುಂತಾಳಂತ. ನನ್ನ ಕಂಡು ನಗಲಿಲ್ಲ, ಸಮಾಧಾನಾನೂ ಹೇಳಲಿಲ್ಲ, ನಾ ಅತ್ತದ್ದು ಕಂಡೇ ಇಲ್ಲ ಅನ್ನುವಂಗ ಗದರಿಸಿದ್ಲು, ಅಹೋ ಆತ್ಯಾಬಾಯಿ, ಲವಕರ ಯಾ, ಹಾತ ಭರೂನ ಆಲೇ ಮಾಝೇ. ಕೈ ಸೋತು ಬಂದಾವಂತ, ಲಗೂನ ಬಾ ಅಂತ. ಕಂಡಕ್ಟರ್, ಗಾಡಿ ನಿಲ್ಲಿಸೋ, ಸಾಯನ್ ಬಂತಲ್ಲ, ಇಲ್ಲೇ ಇಳೀತೀನಿ, ಬೈಕುಲ್ಲಾ ಇನ್ನೂ ದೂರ ಐತಿ ಮಾವಶಿ, ಇರಲಿ ಬಿಡೋ, ಇಳಿಸು — ಬ್ಯಾಗು, ಚಪ್ಪಲಿ, ಸುಡೂ ರಸ್ತಾ, ಸ್ಟೇಷನ್ ಎಲ್ಲೈತ್ರೀ, ಲೋಕಲ್ ಹಿಡದ್ರ ಮೂರನೇ ಸ್ಟೇಷನ್ ಘಾಟ್ಕೋಪರ್, ಓಡು ಕಾಶವ್ವಾ, ಎಲ್ಲಾರ ಕೈ ನನ್ನ ತಡಿಯಾಕ ಬರ್ತಾವ ಅಂದ್ಕೊಂಡಿದ್ದೆ, ರುಕ್ಮಿಣಿಬಾಯಿ ಕೈಯಾಗಿನ ಬಳಿ ಇಳದು ಮಣಿಕಟ್ಟಿಗೆ ನಿಂತಾವ, ಬೆರಳು ಬೆಳ್ಳಗಾಗ್ಯಾವ, ಮೂರು ಸ್ಟೇಷನ್, ಕೂಸು ಮಲಗೇತಿ, ಆ ಎರಡು ಅಂಗೈ, ನಡುವ ಕೂಸಿನ ಮಾರಿ, ಆ ಅಂಗೈ, ಇನ್ನೂ ತಗದಿಲ್ಲ, ನಾ ಹೋಗೂತನಕ ತಗಿಯೂದಿಲ್ಲ, ಆ ಅಂಗೈ