ಟೆಂಟಿನಿಂದ ಬಂದ ಮಳೆ ಸುದ್ದಿ

ಭಾವಮೈದುನ ಗಿಸ್‌ಬರ್ಟ್ ಹಳೆಯ ಕೆಲಸ ಬಿಟ್ಟು ಬುರ್ಕಾರ್ಟನ ಗ್ಯಾರೇಜು ಸೇರಿದ ಎಂದು ಕೇಳಿದ ದಿನವೇ ವಿನ್‌ಫ್ರೀಡ್ ತಲೆಗೆ ಹುಳ ಬಿಟ್ಟುಕೊಂಡಿದ್ದ. ಬುರ್ಕಾರ್ಟ್ ಸಂಬಳ ಕೊಟ್ಟು ವೃತ್ತಿಪರ ಚಾಲಕರನ್ನು ಇಟ್ಟುಕೊಂಡವನು. ವಿನ್‌ಫ್ರೀಡ್ ವರ್ಷವಿಡೀ ಹಳ್ಳಿಯ ಮನೆಗಳಿಗೆ ಕಲ್ಲುಹಲಗೆಯ ಮಾಡು ಹೊದಿಸಿ, ಬೇಸಿಗೆಯ ಒಂದು ವಾರಾಂತ್ಯ ಮಗಳು ಮತ್ತು ಇಬ್ಬರು ಗೆಳೆಯರೊಂದಿಗೆ ಹಳೇ ಕಾರನ್ನು ಹಗಲೂ ರಾತ್ರಿ ಓಡಿಸುವವನು. ಐಫೆಲ್ ಬೆಟ್ಟದ ಈ ರೇಸಿನಲ್ಲಿ ಇಬ್ಬರೂ ಒಂದೇ ರಸ್ತೆಗಿಳಿಯುತ್ತಾರೆ. ಈ ಸಲ ಇಬ್ಬರೂ ಸಣ್ಣ ಕಾರುಗಳ ವಿಭಾಗದಲ್ಲೇ ಇದ್ದರು, ಅಕ್ಕಪಕ್ಕದ ಗ್ಯಾರೇಜಿನಲ್ಲಿ.

ಟ್ರ್ಯಾಕು ಎಷ್ಟು ಉದ್ದವೆಂದರೆ ಇಲ್ಲಿ ಕಾರು ನಿಲ್ಲುವ ಕಡೆ ಬಿಸಿಲು ಚುರುಗುಟ್ಟುತ್ತಿದ್ದರೆ ಆಚೆ ಕಾಡಿನಲ್ಲಿ ಧಾರಾಕಾರ ಮಳೆ. ಫೋನಿನ ಹವಾಮಾನ ಚಿತ್ರವನ್ನು ಇಲ್ಲಿ ಯಾರೂ ನಂಬುವುದಿಲ್ಲ. ಬಡ ತಂಡಗಳು ಮಳೆ ನೋಡಿ ಫೋನ್ ಮಾಡಲು ತಮ್ಮ ಮನೆಯವರನ್ನೇ ದೂರದ ತಿರುವಿನಲ್ಲಿ ಟೆಂಟು ಹಾಕಿಸಿ ಕೂರಿಸುತ್ತವೆ. ವಿನ್‌ಫ್ರೀಡನ ಪಾಲಿಗೆ ಆ ಕೆಲಸ ಯಾವಾಗಲೂ ಗಿಸ್‌ಬರ್ಟನದು. ಮಗಳು ಮರೈಕೆ ಸ್ಟೀರಿಂಗ್ ಹಿಡಿದಂದಿನಿಂದ ಮಾವನ ಮಾತನ್ನು ನಂಬಿ ಆ ತಿರುವುಗಳಿಗೆ ನುಗ್ಗುತ್ತಿದ್ದಳು. ಈ ವರ್ಷ ಗಿಸ್‌ಬರ್ಟ್ ಎರಡೂ ತಂಡಗಳಿಗೆ ಫೋನ್ ಮಾಡಬೇಕಿತ್ತು.

ಭಾನುವಾರ ಬೆಳಿಗ್ಗೆ, ಎಂದೂ ಗೆದ್ದಿರದ ಕಪ್ ಕೈಗೆಟುಕುವಷ್ಟು ಹತ್ತಿರವಿತ್ತು. ವಿನ್‌ಫ್ರೀಡನ ಕಾರು ಮುಂದೆ, ಅದರ ಬಾಲ ಹಿಡಿದಂತೆ ಬುರ್ಕಾರ್ಟನದು. ಚಾಲಕರನ್ನು ಬದಲಾಯಿಸಲು ಎರಡೂ ಕಾರು ಒಟ್ಟಿಗೇ ಒಳಬರುವುದಿತ್ತು. ಆಗ ಫೋನು ಬಡಿದುಕೊಂಡಿತು.

"ಭಾವ, ಮಳೆ ಟೈರ್ ಹಾಕ್ಬಿಡಿ. ಕಾಡಿನ ಮೇಲೆ ಕಪ್ಪಗೆ ಕವ್ಕೊಂಡಿದೆ. ಕಾರು ಇಲ್ಲಿಗೆ ಬರೋ ಹೊತ್ಗೆ ಸುರಿಯುತ್ತೆ."

"ಬುರ್ಕಾರ್ಟ್‌ಗೂ ಹೇಳಿದ್ಯಾ?"

"ಹೇಳ್ದೆ. ಸಂಬಳ ಕೊಡೋನಿಗೆ ಹೇಳ್ದೆ ಇರಕ್ಕಾಗುತ್ತಾ?"

"ಏನಂತ ಹೇಳ್ದೆ?"

"ಇದೇನ್ ಭಾವ ಹಿಂಗ್ ಕೇಳ್ತೀರ! ನಿಮಗ್ ಹೇಳಿದ್ನೇ ಹೇಳ್ದೆ."

ವಿನ್‌ಫ್ರೀಡ್ ಆಕಾಶ ನೋಡಿದ. ಒಂದು ಮೋಡವೂ ಇಲ್ಲ. ಮಾಡಿನ ಮೇಲೇ ಆಯುಷ್ಯ ಕಳೆದ ತನಗೆ ಮಳೆಯ ಪಾಠವೇ ಎಂದುಕೊಂಡ. ಪಕ್ಕಕ್ಕೆ ಇಣುಕಿದರೆ ಬುರ್ಕಾರ್ಟನ ಹುಡುಗರು ಒಣ ರಸ್ತೆಯ ನುಣುಪು ಟೈರುಗಳನ್ನು ಉರುಳಿಸಿಕೊಂಡು ಬರುತ್ತಿದ್ದರು. ಧಣಿಗೊಂದು ಮಾತು, ಭಾವನಿಗೊಂದು ಮಾತು! ಒಣ ರಸ್ತೆಯಲ್ಲಿ ಮಳೆ ಟೈರು ಹಾಕಿಕೊಂಡು ಹೋದರೆ ರಬ್ಬರು ಕರಗಿ ಮರೈಕೆ ತೆವಳಬೇಕು, ಕಪ್ ಪಕ್ಕದ ಗ್ಯಾರೇಜಿಗೆ.

"ತಮ್ಮ ಏನಂದ?" ಕಾಫಿ ತಂದ ಹೆಂಡತಿ ಇರ್ಮಾ ಕೇಳಿದಳು.

"ಮಳೆಯಂತೆ. ಅತ್ಲಾಗ್ ನೋಡು, ಅವನ ಧಣಿ ಯಾವ ಟೈರ್ ಹಾಕಿಸ್ತಿದಾನೆ."

"ಗಿಸ್‌ಬರ್ಟ್‌ಗೆ ಸುಳ್ಳು ಹೇಳಕ್ ಬರಲ್ಲಾರೀ. ಹೇಳಕ್ ಹೋದ್ರೆ ಕಿವಿ ಕೆಂಪಾಗುತ್ತೆ."

"ಫೋನಲ್ಲಿ ಕಿವಿ ಕಾಣ್ಸಲ್ಲ."

ಕಾರು ಬಂದು ನಿಂತಿತು. ಗೆಳೆಯ ಇಳಿದ, ಮರೈಕೆ ಹತ್ತಿ ಬೆಲ್ಟು ಬಿಗಿದುಕೊಂಡಳು. ಹೆಲ್ಮೆಟ್ಟಿನೊಳಗಿಂದ ಕೇಳಿದಳು, "ಅಪ್ಪ, ಮಾವ ಏನಂದ್ರು?"

ವಿನ್‌ಫ್ರೀಡ್ ಗೆಳೆಯರಿಗೆ ನುಣುಪು ಟೈರಿನ ಕಡೆ ಕೈ ತೋರಿಸಿದ. ನಿಜ ಹೇಳಿದರೆ ಅವಳು ಮಳೆ ಟೈರಿಗೇ ಹಟ ಹಿಡಿಯುತ್ತಾಳೆ. ಮಾವನೆಂದರೆ ಅವಳಿಗೆ ಅಷ್ಟು ನಂಬಿಕೆ.

"ಒಣಗಿದೆಯಂತೆ. ಧೈರ್ಯವಾಗಿ ಒತ್ತು ಅಂದ."

ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. ನುಣುಪು ಟೈರಿನ ಕಾರು ಬಿಸಿಲಿನಲ್ಲಿ ಮಿಂಚುತ್ತಾ ಹೊರಟಿತು.

ಆಮೇಲಿನದನ್ನು ಅವನು ಪರದೆಯ ಮೇಲೆ ನೋಡಿದ. ಕಾಡಿನ ತಿರುವಿನ ಚಿತ್ರ ಬಂದಾಗ ಅಲ್ಲಿ ನೀರು ಹರಿಯುತ್ತಿತ್ತು. ಟೈರು ಬದಲಾಯಿಸಿ ಮೊದಲು ಹೊರಟಿದ್ದ ಬುರ್ಕಾರ್ಟನ ಕಾರು ಗಿರ್ರನೆ ತಿರುಗಿ ಕಬ್ಬಿಣದ ತಡೆಗೆ ಹೊಡೆಯಿತು. ಹಿಂದೆಯೇ ಮರೈಕೆಯ ಕಾರು ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ಜಾರಿಕೊಂಡು ಬಂತು. ಇರ್ಮಾಳ ಕೈಯಿಂದ ಲೋಟ ಬಿತ್ತು.

ಬಹಳ ಹೊತ್ತಿನ ಮೇಲೆ ಗಿಸ್‌ಬರ್ಟನ ಫೋನು ಬಂತು. "ಹುಡುಗಿ ಚೆನ್ನಾಗಿದಾಳೆ ಭಾವ. ಡಾಕ್ಟ್ರು ನೋಡಿ ಬಿಟ್ರು, ಟೆಂಟಿಗ್ ಕರ್ಕೊಂಡ್ ಬಂದಿದೀನಿ. ಕಾರಿನ ಆಸೆ ಬಿಡಿ."

ಇರ್ಮಾಳಿಗೆ ಅದನ್ನು ಹೇಳಿ ಹೊರಟವನಿಗೆ ಬಾಗಿಲಲ್ಲೇ ಬುರ್ಕಾರ್ಟ್ ಅಡ್ಡ ನಿಂತ. ಮುಖ ಕೆಂಡವಾಗಿತ್ತು.

"ನಿನ್ನ ಭಾವಮೈದುನ ಮಳೆ ಅಂದ ಕಣಯ್ಯಾ! ನಿನಗೋಸ್ಕರ ನಂಗೆ ಟೋಪಿ ಹಾಕ್ತಿದಾನೆ ಅಂದ್ಕೊಂಡೆ. ನೀನೂ ನುಣುಪು ಟೈರೇ ಹಾಕಿದ್ ನೋಡಿ, ಕಳ್ಳನ್ನ ಹಿಡಿದೆ ಅಂತ ಹಿಗ್ಗಿದ್ದೆ!"

ವಿನ್‌ಫ್ರೀಡ್ ಅವನನ್ನು ಬಳಸಿ ಹೋಗಿ ವ್ಯಾನು ಹತ್ತಿದ. ಹಳ್ಳಿಯ ದಾರಿಯಲ್ಲಿ ವ್ಯಾನು ಓಡಿಸುವಾಗ ಮೊದಲ ಹನಿಗಳು ಗಾಜಿಗೆ ಬಿದ್ದವು, ಕಾಡು ಹತ್ತಿರವಾದಂತೆ ಏನೂ ಕಾಣದಷ್ಟು ಸುರಿಯತೊಡಗಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಟೆಂಟಿನೊಳಗೆ ಮರೈಕೆ ಕಂಬಳಿ ಹೊದ್ದು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಮಾವನಿಗೆ ಬೆನ್ನು ಹಾಕಿ ಕುಳಿತಿದ್ದಳು. ಎದುರಿಗಿಟ್ಟ ಬಟಾಣಿ ಸಾರು ಹಾಗೇ ತಣ್ಣಗಾಗಿತ್ತು. ಗಿಸ್‌ಬರ್ಟ್ ಒಮ್ಮೆ ತಲೆ ಎತ್ತಿ ಭಾವನನ್ನು ನೋಡಿ ಮತ್ತೆ ಒಲೆಯ ಕಡೆ ತಿರುಗಿದ. ಅವನಿಗೆ ಎಲ್ಲ ಗೊತ್ತಾಗಿತ್ತು. ಹುಡುಗಿಗೆ ಒಂದು ಮಾತೂ ಹೇಳಿರಲಿಲ್ಲ.

"ಬನ್ನಿ ಅಪ್ಪ, ಹೋಗೋಣ," ಎಂದಳು ಮರೈಕೆ. "ಇವರ ಟೆಂಟಲ್ಲಿ ಕೂರಕ್ಕೆ ನಂಗಿಷ್ಟ ಇಲ್ಲ. ಒಣಗಿದೆ, ಒತ್ತು ಅಂದ್ರಂತೆ! ಬುರ್ಕಾರ್ಟ್ ಕೊಡೋ ಸಂಬಳದ ಮುಂದೆ ನನ್ನ ಪ್ರಾಣ ಯಾವ ಲೆಕ್ಕ? ಕೇಳಿದ್ರೆ ಬಾಯೂ ಬಿಡ್ತಿಲ್ಲ."

'ನಡಿ' ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಗಿಸ್‌ಬರ್ಟ್ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ. ವಿನ್‌ಫ್ರೀಡ್ ಆ ಮಾತನ್ನು ನಾಲಿಗೆಯ ತುದಿಯವರೆಗೂ ತಂದ. ಒದ್ದೆ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ಮಾವ ಮಳೆ ಅಂತಲೇ ಹೇಳಿದ್ದ. ಒಣಗಿದೆ ಅಂದಿದ್ದು ನಾನು."

ಮರೈಕೆ ಕೇಳಿದಳು, "ಯಾಕೆ?"

"ಇವನು ಸುಳ್ಳು ಹೇಳ್ತಿದಾನೆ ಅಂದ್ಕೊಂಡೆ."

ಅವಳು ಎದ್ದು ಹೋಗಿ ಗಿಸ್‌ಬರ್ಟನ ಪಕ್ಕದ ಬೆಂಚಿನಲ್ಲಿ ಕುಳಿತಳು. ಅವನು ಸಾರಿನ ಬಟ್ಟಲನ್ನು ಮತ್ತೆ ಬಿಸಿಗಿಟ್ಟ. ಹೊರಗೆ ಕಾರುಗಳು ನೀರೆರಚುತ್ತಾ ಹಾದುಹೋಗುತ್ತಿದ್ದವು.

"ಅಮ್ಮಂಗೆ ಗೊತ್ತಾಯ್ತಾ, ನಾನು ಚೆನ್ನಾಗಿದೀನಿ ಅಂತ?"

"ಗೊತ್ತು ಮಗಳೇ. ನಾನೇ ಹೇಳಿ ಬಂದೆ."

ಮರೈಕೆ ಮಾವನ ಕಡೆ ತಿರುಗಿದಳು.

"ಮಾವ, ಅಮ್ಮಂಗೆ ನೀವೊಂದ್ಸಲ ಫೋನ್ ಮಾಡಿ ಹೇಳ್ತೀರಾ?"