ಊಟದ ಮೂಲೆಯ ದೀಪ

"ಇನ್ನೂ ಒಂದು ಗೇಣು ಇಳಿಸಿ," ಎಂದಳು.

ಸ್ಟೂಲಿನ ಮೇಲೆ ನಿಂತಿದ್ದ ಗಂಡ ವೈರನ್ನು ಸಡಿಲಿಸಿದ. ಬೆತ್ತದ ಬುಟ್ಟಿಯನ್ನು ಬೋರಲು ಹಾಕಿದಂತಿದ್ದ ದೀಪ ಅವನ ಸೊಂಟದ ಮಟ್ಟದಿಂದ ತೊಡೆಯ ಮಟ್ಟಕ್ಕೆ ಇಳಿಯಿತು.

"ಇದಕ್ಕಿಂತ ಇಳಿಸಿದ್ರೆ ತಟ್ಟೆಯೊಳಗೇ ಬೀಳತ್ತೆ ಕಣೆ. ಅನ್ನದ ಜೊತೆ ಕಲಸ್ಕೊಂಡು ತಿನ್ನಬೇಕಾಗತ್ತೆ."

"ನೀವು ಲಿಫ್ಟ್ ರಿಪೇರಿ ಮಾಡೋರು. ಮೇಲೆ ಹೋಗೋದು ಕೆಳಗೆ ಬರೋದು ನಿಮಗೆ ಗೊತ್ತು. ಎಲ್ಲಿ ನಿಲ್ಲಬೇಕು ಅನ್ನೋದನ್ನ ನನಗೆ ಬಿಡಿ."

ಮಾವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡುತ್ತ ನಗುತ್ತಿದ್ದರು.

ಅಡುಗೆಮನೆಗೂ ಕಿಟಕಿಗೂ ನಡುವಿನ ಆ ಮೂಲೆ ಏಳಡಿ ಉದ್ದ, ಆರಡಿ ಅಗಲ. ಇಷ್ಟು ವರ್ಷ ಅಲ್ಲಿ ಚಪ್ಪಲಿಯ ಸ್ಟ್ಯಾಂಡು, ಇಸ್ತ್ರಿಯ ಮೇಜು, ಮಗಳು ಗುಬ್ಬಿಯ ಚಕ್ರ ಕಳಚಿದ ಸೈಕಲ್ಲು ಇವೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಊಟವೇನಿದ್ದರೂ ಹಾಲ್‌ನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಒಬ್ಬರು ಮಂಚದ ಮೇಲೆ, ಒಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎಂಟು ವರ್ಷದ ಗುಬ್ಬಿ ನೆಲದ ಮೇಲೆ, ತೊಡೆಯ ಮೇಲೊಂದು ತಟ್ಟೆ. ಗುಬ್ಬಿಯ ಅಮ್ಮ ಬಟ್ಟೆಯಂಗಡಿಯೊಂದರಲ್ಲಿ ಗಾಜಿನ ಹಿಂದಿನ ಗೊಂಬೆಗಳಿಗೆ ಉಡುಗೆ ತೊಡಿಸಿ ನಿಲ್ಲಿಸುವ ಕೆಲಸದವಳು. ಒಂಬತ್ತು ವರ್ಷಗಳಿಂದ ದಾರಿಹೋಕರನ್ನು ಒಂದು ಗಳಿಗೆ ನಿಲ್ಲಿಸುವುದೇ ಅವಳ ವಿದ್ಯೆ. ತನ್ನ ಮನೆಯವರು ಮಾತ್ರ ಕೂರಲು ಒಂದು ನೆಟ್ಟಗಿನ ಜಾಗವಿಲ್ಲದೆ ಉಣ್ಣುತ್ತಾರಲ್ಲ ಎಂಬುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮೂರು ತಿಂಗಳು ಹಿಡಿಯಿತು. ಗೋಡೆಗೆ ದಟ್ಟ ಹಸಿರು ಬಳಿಸಿದಳು. ಅದಕ್ಕೆ ಅಂಟಿಸಿ ಒಂದು ಬೆಂಚು, ಅದರ ಕೆಳಗೆ ಡಬ್ಬಿಗಳಿಡಲು ಜಾಗ. ಮುಂದೆ ಕಿರಿದಾದ ಮೇಜು. ಮೇಜಿನ ಆಚೆ, ಕಿಟಕಿಗೆ ಬೆನ್ನು ಮಾಡಿ, ಗಂಡನಿಗೂ ಗುಬ್ಬಿಗೂ ಎರಡು ಕುರ್ಚಿ. ಅಡುಗೆಮನೆಯ ಬಾಗಿಲ ಬಳಿ ತನಗೊಂದು ಸ್ಟೂಲು. ಬೆಂಚು ಪೂರ್ತಿ ಮಾವನಿಗೆ. ಅಲ್ಲಿ ಕೂತರೆ ಕಿಟಕಿಯಾಚೆಯ ಮರ, ಬೀದಿ, ಎದುರು ಕಟ್ಟಡದ ಪಾರಿವಾಳಗಳು ಎಲ್ಲ ಕಾಣುತ್ತಿದ್ದವು. ಅಲ್ಲಿಗೆಂದು ಸಾಸಿವೆ ಬಣ್ಣದ ದಪ್ಪ ದಿಂಬೊಂದನ್ನು ಅವಳೇ ಹೊಲಿದಳು.

ಬಟ್ಟೆಯ ಮಿಲ್ಲಿನಲ್ಲಿ ಮೂವತ್ತನಾಲ್ಕು ವರ್ಷ ಮಗ್ಗ ನಡೆಸಿದ ಮಾವ, ಅತ್ತೆ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಇವರ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಕಿವಿ ಸ್ವಲ್ಪ ಮಂದ ಎಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಕೊಟ್ಟ ಕಿವಿಯ ಮಿಷನ್ನು, ಲೋಟ ಇಟ್ಟರೂ ಗುಡುಗಿದ ಹಾಗಾಗುತ್ತದೆಂದು, ಡಬ್ಬಿ ಸೇರಿತ್ತು. ಆದರೆ ರಾತ್ರಿ ಊಟಕ್ಕೆ ಕೂತರೆ ಅವರದೇ ಮೊದಲ ಮಾತು. "ನಿನ್ನ ಗೊಂಬೆಗಳು ಇವತ್ತು ಏನಂದ್ವಮ್ಮ?" ಎಂದು ಶುರು ಮಾಡಿದರೆ ಮಗನ ಲಿಫ್ಟುಗಳು, ಗುಬ್ಬಿಯ ಶಾಲೆ, ಎಲ್ಲವನ್ನೂ ಒಂದು ಸುತ್ತು ವಿಚಾರಿಸಿಯೇ ಕೈ ತೊಳೆಯುತ್ತಿದ್ದರು. ಅವಳ ತವರಿನಲ್ಲಿ ಅವಳನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಮೊದಲ ದಿನ ಹಾಲಿನ ಟ್ಯೂಬ್‌ಲೈಟು ಆರಿಸಿ, ಬುಟ್ಟಿದೀಪವೊಂದನ್ನೇ ಹಚ್ಚಿದಳು. ಮೇಜಿನ ಮೇಲೆ ಜೇನಿನ ಬಣ್ಣದ ಒಂದು ವೃತ್ತ. ಅದರೊಳಗೆ ಅನ್ನ, ಬೇಳೆ, ಹೆಚ್ಚಿದ ಸೌತೆಕಾಯಿ ಎಲ್ಲ ಚಿತ್ರ ಬರೆದಿಟ್ಟ ಹಾಗೆ. ಸುತ್ತಲಿನ ಮನೆ ತಾನಾಗಿ ಹಿಂದೆ ಸರಿಯಿತು.

"ಹೇಗಿದೆ ಮಾವ?"

ಮಾವ ತಟ್ಟೆಯನ್ನು ನೋಡಿದರು, ದೀಪವನ್ನು ನೋಡಿದರು, ಮೇಜನ್ನು ಅಂಗೈಯಿಂದ ಸವರಿದರು. "ತುಂಬ ಚೆನ್ನಾಗಿದೆಯಮ್ಮ. ತುಂಬ ಚೆನ್ನಾಗಿದೆ," ಎಂದರು. ಗುಬ್ಬಿ ಏನೋ ತಮಾಷೆ ಹೇಳಿದಳು. ಎಲ್ಲರೂ ನಕ್ಕರು. ಮಾವ ಸ್ವಲ್ಪ ತಡವಾಗಿ ನಕ್ಕರು.

ವಾರ ಕಳೆಯುವುದರೊಳಗೆ ಗೊಂಬೆಗಳ ವಿಚಾರಣೆ ನಿಂತಿತು. ಮಾವ ತಲೆ ಬಗ್ಗಿಸಿ ಉಂಡು ಎದ್ದುಹೋಗತೊಡಗಿದರು. ಏನಾದರೂ ಕೇಳಿದರೆ ಒಂದು ಮುಗುಳ್ನಗೆ, ಒಂದು "ಹೂಂ". ಎರಡನೆಯ ವಾರ, "ನನಗೆ ಯಾಕೋ ಸಂಜೆನೇ ಹಸಿವಾಗತ್ತೆ," ಎಂದು ಆರೂವರೆಗೇ ಹಾಲಿನ ಮಂಚದ ಮೇಲೆ ಕೂತು ಒಬ್ಬರೇ ಉಣ್ಣಲು ಶುರು ಮಾಡಿದರು. ಮೂರನೆಯ ವಾರ ಅವರ ತಂಗಿಯ ಮಗ ಬಂದುಹೋದ.

"ತಂಗಿ ಕರೀತಿದ್ದಾಳೆ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ."

"ಎಷ್ಟು ದಿನಕ್ಕೆ ಮಾವ?"

"ನೋಡೋಣ," ಎಂದರು.

ಅವರು ಬಟ್ಟೆ ಜೋಡಿಸುವುದನ್ನು ಅವಳು ಬಾಗಿಲ ಸಂದಿನಿಂದ ನೋಡಿದಳು. ಬೆವರು ಹರಿಯುವ ಈ ಬೇಸಿಗೆಯಲ್ಲಿ ಎರಡೂ ಸ್ವೆಟರುಗಳನ್ನು ಮಡಚಿ ಟ್ರಂಕಿನ ತಳಕ್ಕೆ ಇಡುತ್ತಿದ್ದರು.

"ನಾನು ಏನು ತಪ್ಪು ಮಾಡಿದೆ ಹೇಳಿ," ಎಂದು ಗಂಡನನ್ನು ಕೇಳಿದಳು. "ಇದ್ದದ್ದನ್ನೆಲ್ಲ ಕೆಡವಿಬಿಟ್ಟೆ ಅಂತ ಕೋಪಾನಾ? ಬಣ್ಣ ಹಿಡಿಸಲಿಲ್ವಾ?"

"ಅಪ್ಪ ಬಣ್ಣಕ್ಕೆಲ್ಲ ಕೋಪ ಮಾಡ್ಕೊಳ್ಳೋರಲ್ಲ. ಹೊಸದು, ಹೊಂದಲಿಲ್ಲ. ಹೋಗಿಬರ್ಲಿ ಬಿಡು."

"ಸ್ವೆಟರ್ ತಗೊಂಡು ಹೋಗೋರು ತಿರುಗಿ ಬರೋಕೆ ಅಂತ ಹೋಗಲ್ಲ," ಎಂದಳು.

ಶನಿವಾರ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ನಾಲ್ಕು ಗಂಟೆಗೆ ಕಟ್ಟಡದ ಗೇಟು ದಾಟಿದವಳು ಅಲ್ಲೇ ನಿಂತಳು. ಅಂಗಳದ ನಡುವೆ ಕೈಚೀಲ ಹಿಡಿದ ಮುದುಕರೊಬ್ಬರು ಕತ್ತು ಮೇಲೆತ್ತಿ ಬಾಯಿ ಆಡಿಸುತ್ತಿದ್ದರು. ಧ್ವನಿಯೇ ಇಲ್ಲ. ತುಟಿಗಳು ಮಾತ್ರ ಅಗಲವಾಗಿ ತೆರೆದು, ದುಂಡಗಾಗಿ, ಬಿಗಿದು, ಮತ್ತೆ ತೆರೆಯುತ್ತಿದ್ದವು. ಪಾಪ, ಏನಾಗಿದೆಯೋ ಎಂದು ಹತ್ತಿರ ಹೋಗುವಷ್ಟರಲ್ಲಿ ಅವರು ಹೊಟ್ಟೆ ಹಿಡಿದು ನಕ್ಕರು. ಅವಳೂ ಮೇಲೆ ನೋಡಿದಳು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಮಾವ ಕಟಕಟೆಗೆ ಎದೆ ಒತ್ತಿ ನಿಂತಿದ್ದರು. ಅವರ ತುಟಿಗಳೂ ಹಾಗೆಯೇ ಆಡುತ್ತಿದ್ದವು, ಸದ್ದಿಲ್ಲದೆ, ಭರಭರನೆ. ಇಷ್ಟು ಮಾತು ಅವರ ಬಾಯಿಂದ ಬಂದು ತಿಂಗಳಾಗಿತ್ತು. ಸೊಸೆಯನ್ನು ಕಂಡದ್ದೇ, ಚಪ್ಪಲಿ ಹಾಕಿಕೊಂಡು ಬರುತ್ತೇನೆಂದು ಕೈಸನ್ನೆ ಮಾಡಿ ಒಳಗೆ ಹೋದರು.

ಮುದುಕರು ತಿರುಗಿದರು. ಅತ್ತೆ ಹೋದಾಗ ಬಂದು ಮೂಲೆಯಲ್ಲಿ ಕೂತು ಅತ್ತಿದ್ದ, ಮಾವನ ಪಕ್ಕದ ಮಗ್ಗದವರು.

"ಮೇಲೆ ಬನ್ನಿ, ಟೀ ಕುಡಿದು ಹೋಗಿ."

"ಮಂಡಿ ಒಪ್ಪಲ್ಲಮ್ಮ. ಲಿಫ್ಟ್ ರಿಪೇರಿಯವನ ಮನೆಗೇ ಲಿಫ್ಟ್ ಇಲ್ಲ ನೋಡು. ನಾಳೆ ಹೊರಡ್ತಾನಂತಲ್ಲ, ಅದಕ್ಕೇ ಇಲ್ಲಿಂದಲೇ ಮಾತಾಡಿಸ್ದೆ."

"ಮಾತು ಕೇಳಿಸಲೇ ಇಲ್ವಲ್ಲ?"

"ಕೇಳಿಸೋದು ಯಾಕೆ? ನಾನೂರು ಮಗ್ಗ ಒಟ್ಟಿಗೆ ಬಡೀತಿದ್ರೆ ದೇವರೇ ಬಂದು ಕೂಗಿದ್ರೂ ಕೇಳಲ್ಲ. ಶೆಡ್ಡಿನ ಈ ಕೊನೆಯಿಂದ ಆ ಕೊನೆಗೆ ತುಟಿ ನೋಡ್ಕೊಂಡೇ ಮಾತು. ಮೇಸ್ತ್ರಿ ಬೆನ್ನ ಹಿಂದೆ ನಿಂತು ಮೇಸ್ತ್ರಿನೇ ಬೈತಿದ್ವಿ. ರಿಟೈರ್ ಆಗೋ ತನಕ ಅವನಿಗೆ ಗೊತ್ತಾಗ್ಲಿಲ್ಲ."

"ಹಾಗಾದ್ರೆ ಮಾವನ ಕಿವಿ..."

"ಕಿವಿ ಮಿಲ್ಲಲ್ಲೇ ಉಳೀತು ತಾಯಿ. ನನ್ನದೂ ಅಷ್ಟೇ. ನೀನು ಈಗ ಆಡ್ತಿರೋ ಮಾತನ್ನ ನಾನು ಕೇಳ್ತಿಲ್ಲ, ನೋಡ್ತಿದ್ದೀನಿ."

ಅವಳು ಅವರ ಕಣ್ಣನ್ನೇ ನೋಡಿದಳು. ಆ ಕಣ್ಣುಗಳು ಅವಳ ಕಣ್ಣಿನ ಮೇಲಿರಲಿಲ್ಲ. ಸ್ವಲ್ಪ ಕೆಳಗೆ, ಬಾಯಿಯ ಮೇಲಿದ್ದವು. ಮಾವನೂ ಯಾವಾಗಲೂ ಹೀಗೆಯೇ ನೋಡುತ್ತಿದ್ದರು. ಸಂಕೋಚದವರು, ಕಣ್ಣಿಗೆ ಕಣ್ಣು ಕೊಡುವುದಿಲ್ಲ ಎಂದುಕೊಂಡಿದ್ದಳು.

"ತಂಗಿ ಮನೆಗೆ ಯಾಕೆ ಹೋಗ್ತಿದ್ದಾರೆ? ನಿಮಗೇನಾದ್ರೂ ಹೇಳಿದ್ರಾ?"

ಮುದುಕರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಅಲ್ಲಿ ವರಾಂಡದಲ್ಲಿ ಕೂತು ಉಣ್ತಾರಂತೆ. ಎಲ್ಲರ ಮುಖ ಕಾಣತ್ತೆ ಅಂದ. ಇಲ್ಲೇ ಹೇಳೋಕೆ ಏನಾಗಿತ್ತೋ ಅಂದೆ. ಅಷ್ಟು ಆಸೆಪಟ್ಟು ಮಾಡಿಸಿದ್ದಾಳೆ, ಯಾವ ಬಾಯಲ್ಲಿ ಹೇಳ್ಲಿ ಅಂದ." ಮೆಟ್ಟಿಲ ಕಡೆ ನೋಡಿ, "ನಾನು ಹೇಳ್ದೆ ಅಂತ ಹೇಳ್ಬೇಡ," ಎಂದರು.

ಮಾವ ಇಳಿದು ಬಂದರು. ಗೆಳೆಯನನ್ನು ಬಸ್ಸು ಹತ್ತಿಸಿ ಬರುತ್ತೇನೆಂದರು. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಹೊರಟರು. ಮಾತಾಡಬೇಕಾದಾಗಲೆಲ್ಲ ನಿಂತು, ಒಬ್ಬರಿಗೊಬ್ಬರು ಎದುರಾಗಿ, ಮತ್ತೆ ನಡೆಯುತ್ತಿದ್ದರು. ಆ ನಡಿಗೆಯಲ್ಲಿ ಹೋಗಿ ಬರಲು ಒಂದು ಗಂಟೆಯಾದರೂ ಬೇಕು.

ಅವಳು ಮೇಲೆ ಬಂದು, ತನ್ನ ಚೀಲವನ್ನೂ ಇಳಿಸದೆ ಹೋಗಿ ಸಾಸಿವೆ ಬಣ್ಣದ ದಿಂಬಿನ ಮೇಲೆ ಕೂತಳು. ಇಷ್ಟು ದಿನದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಗಂಡನನ್ನೂ ಗುಬ್ಬಿಯನ್ನೂ ಕರೆದು ಎದುರು ಕೂರಿಸಿದಳು.

"ಏನಾದ್ರೂ ಮಾತಾಡಿ. ಸದ್ದು ಮಾಡ್ಬೇಡಿ, ಬಾಯಿ ಮಾತ್ರ ಆಡಿಸಿ."

"ಮದುವೆ ಆದಾಗಿಂದ ಅದೇ ಅಭ್ಯಾಸ ನನಗೆ," ಎಂದ ಗಂಡ. ಆಮೇಲೆ ಅವಳ ಮುಖ ನೋಡಿ ಸುಮ್ಮನೆ ಹೇಳಿದಂತೆ ಮಾಡಿದ.

ಕಿಟಕಿಯ ಬಿಸಿಲು ಅವರಿಬ್ಬರ ಹಿಂದಿನಿಂದ ಅವಳ ಕಣ್ಣಿಗೆ ಬರುತ್ತಿತ್ತು. ಎದುರಿಗಿದ್ದದ್ದು ಕಾಗದದಲ್ಲಿ ಕತ್ತರಿಸಿದಂಥ ಎರಡು ಕಪ್ಪು ತಲೆ. ಎದ್ದು ಪರದೆ ಎಳೆದು ಬುಟ್ಟಿದೀಪ ಹಚ್ಚಿ ಮತ್ತೆ ಕೂತಳು. ಈಗ ಮೇಜು ಬೆಳಗಿತು. ಗಂಡನ ಕೈ, ಅವನ ಉಗುರಿನ ಗ್ರೀಸು, ಗುಬ್ಬಿಯ ಬಳೆ ಎಲ್ಲ ನಿಚ್ಚಳವಾಗಿ ಕಂಡವು. ಕತ್ತಿನಿಂದ ಮೇಲೆ ಏನೂ ಇರಲಿಲ್ಲ. ಬೆಳಕು ಸರಕಿನ ಮೇಲಷ್ಟೇ ಬೀಳಬೇಕು, ಉಳಿದದ್ದು ಮರೆಯಾಗಬೇಕು, ಅಂಗಡಿಯಲ್ಲಿ ಅವಳು ಕಲಿತದ್ದು ಅದು. ಅವಳ ಅಂಗಡಿಯ ಗೊಂಬೆಗಳಿಗೆ ತಲೆಯೇ ಇರಲಿಲ್ಲ.

ನಡೆದದ್ದನ್ನು ಹೇಳಿದಳು. ಗಂಡ ಮೇಜಿನ ಅಂಚನ್ನು ಉಜ್ಜಿದ.

"ಚಿಕ್ಕವನಿದ್ದಾಗ ಅಪ್ಪನ ಹತ್ರ ಬೆನ್ನು ತಿರುಗಿಸಿ ಏನಾದ್ರೂ ಹೇಳಿದ್ರೆ, ಅಮ್ಮ ಕೆನ್ನೆ ಹಿಡಿದು ಆ ಕಡೆ ತಿರುಗಿಸೋಳು. ಮುಖ ಕೊಟ್ಟು ಮಾತಾಡು ಅಂತ. ನಾನು ಇಷ್ಟು ವರ್ಷ ಅದನ್ನ ಮರ್ಯಾದೆ ಅಂದ್ಕೊಂಡಿದ್ದೆ."

"ಏಳಿ, ಸ್ಕ್ರೂಡ್ರೈವರ್ ತನ್ನಿ," ಎಂದಳು.

ಬುಟ್ಟಿದೀಪವನ್ನು ಸೇದಿ ಸೂರಿಗೆ ಕಟ್ಟಿದರು. ಹಾಲಿನ ಟ್ಯೂಬ್‌ಲೈಟನ್ನು ಪಟ್ಟಿ ಸಮೇತ ಬಿಚ್ಚಿ ಊಟದ ಮೂಲೆಯ ಕಿಟಕಿಯ ನೆತ್ತಿಗೆ ತಂದು ಕೂರಿಸಿದರು. ವೈರು ಸಾಲದೆ, ಅದನ್ನು ಮುಚ್ಚಿದ ಬಿಳಿ ಪಟ್ಟಿ ಹಸಿರು ಗೋಡೆಯ ಮೇಲೆ ಓರೆಯಾಗಿ ಓಡಿತು. ಎರಡು ಕುರ್ಚಿಗಳಲ್ಲಿ ಒಂದನ್ನು ಮಲಗುವ ಕೋಣೆಗೆ ಕಳಿಸಿ, ಇನ್ನೊಂದನ್ನು ಕಿಟಕಿಗೆ ಬೆನ್ನು ಮಾಡಿಟ್ಟು, ದಿಂಬನ್ನು ಅದರ ಮೇಲೆ ಹಾಕಿದಳು.

"ನಾವು ಮೂರೂ ಜನ ಬೆಂಚಿನ ಮೇಲಾ? ಬಸ್ಸಿನ ಸೀಟಲ್ಲಿ ಕೂತ ಹಾಗೆ?" ಎಂದಳು ಗುಬ್ಬಿ.

"ಹೂಂ. ನಿನಗೆ ನಡುವೆ ಜಾಗ."

ಗಂಡ ಸ್ವಿಚ್ಚು ಹಾಕಿದ. ಬಿಳಿ ಬೆಳಕು ಎರಡು ಸಲ ಕಣ್ಣು ಮಿಟುಕಿಸಿ ನಿಂತಿತು. ಗೋಡೆಯ ಬಣ್ಣದಲ್ಲಿ ಉಳಿದಿದ್ದ ಬ್ರಷ್ಷಿನ ಗೀರುಗಳೆಲ್ಲ ಕಾಣತೊಡಗಿದವು. "ಆಸ್ಪತ್ರೆ ಥರ ಇದೆ ಕಣೆ," ಎಂದ.

ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಅವಳು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ನೋಡಿದಳು. ದಟ್ಟ ಹಸಿರಿನ ಮೇಲೆ ಗಂಡನ ಮುಖವೂ ಮಗಳ ಮುಖವೂ ಎದ್ದು ಕಾಣುತ್ತಿದ್ದವು. ಗಂಡನ ಮೀಸೆ ಮೇಲ್ತುಟಿಯನ್ನು ಮುಚ್ಚಿತ್ತು.

"ಆಸ್ಪತ್ರೆ ಹಾಗಿದ್ರೆ ಇರ್ಲಿ. ನೀವು ಹೋಗಿ ಮೀಸೆ ಕತ್ತರಿಸಿಕೊಂಡು ಬನ್ನಿ," ಎಂದಳು.

ಅವತ್ತು ಆರೂವರೆಗೆ ಮಾವನನ್ನು ಉಣ್ಣಲು ಬಿಡಲಿಲ್ಲ. ಅನ್ನ ಇನ್ನೂ ಆಗಿಲ್ಲ ಎಂದು ಸುಳ್ಳು ಹೇಳಿದಳು. ಎಂಟಕ್ಕೆ ಕರೆದಳು. ಬಾಗಿಲಲ್ಲಿ ಬಂದು ನಿಂತ ಮಾವ ಹೊಸ ಬೆಳಕನ್ನೂ, ಬೆಂಚಿನ ಮೇಲೆ ಒತ್ತಿಕೊಂಡು ಕೂತವರನ್ನೂ, ಗೋಡೆಯ ಮೇಲಿನ ಓರೆ ಪಟ್ಟಿಯನ್ನೂ ನೋಡಿದರು.

"ಈ ಕಡೆ ಗಾಳಿ ಚೆನ್ನಾಗಿ ಬರತ್ತೆ ಮಾವ," ಎಂದು ಕುರ್ಚಿ ಎಳೆದಳು. ಮುಖ ಅವರತ್ತ ಇತ್ತು, ಧ್ವನಿಯನ್ನು ಏರಿಸಲಿಲ್ಲ.

ಮಾವ ಕೂತರು. ದಿಂಬನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಸೊಸೆ ಬಡಿಸಿ ಬಂದು ಬೆಂಚಿನ ತುದಿಯಲ್ಲಿ ಅರ್ಧ ಕೂತಳು. ಕೊನೆಗೆ ತಡೆಯಲಾರದೆ ಗುಬ್ಬಿಯೇ ಶುರು ಮಾಡಿದಳು. ಶಾಲೆಯ ಮೆಟ್ಟಿಲ ಕಂಬಿಗಳ ನಡುವೆ ಅವಳ ಗೆಳತಿ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದಳಂತೆ.

"ನುಂಗಿ ಮಾತಾಡು," ಎಂದರು ಮಾವ.

ಗುಬ್ಬಿ ನುಂಗಿದಳು. "ತಲೆ ಹೋಯ್ತು ತಾತ, ಆದ್ರೆ ಬರ್ತಾನೇ ಇಲ್ಲ. ಟೀಚರ್ ಸೋಪು ಹಚ್ಚಿದ್ರು. ಅವಳು ಅಳೋದು ಬಿಟ್ಟು, ಇದು ಯಾವ ಸೋಪು ಮಿಸ್, ವಾಸನೆ ಚೆನ್ನಾಗಿದೆ ಅಂತಾಳೆ."

ಮಾವ ಎಲ್ಲರಿಗಿಂತ ಮೊದಲು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. "ಆಮೇಲೆ? ಕಿವಿ ಅಡ್ಡ ಬಂತಾ?" ಎಂದರು. ಗುಬ್ಬಿ ಕಿವಿಯ ಕಥೆ ಹೇಳಿದಳು. ಕಂಬಿ ಕೊಯ್ಯಲು ಬಂದವನ ಕಥೆ ಹೇಳಿದಳು. ಹೆಡ್‌ಮಾಸ್ಟರು ತಾವೇ ತಲೆ ತೂರಿಸಿ ಪರೀಕ್ಷೆ ಮಾಡಲು ಹೊರಟ ಕಥೆ ಅರ್ಧಕ್ಕೆ ಬಂದಿತ್ತು. ಉಂಡ ಕೈಗಳು ಒಣಗಿದವು. ಸೊಸೆ ಎದ್ದು ತಟ್ಟೆ ಎತ್ತಬೇಕೆಂದುಕೊಂಡವಳು ಎತ್ತಲಿಲ್ಲ.

"ಅಪ್ಪ, ಬೆಳಿಗ್ಗೆ ಆರಕ್ಕೇ ಬಸ್ಸಲ್ವಾ," ಎಂದ ಮಗ ಮೆಲ್ಲಗೆ. "ಬೇಗ ಮಲಗಬೇಕೇನೋ."

ಮಾವ ಗುಬ್ಬಿಯನ್ನೇ ನೋಡುತ್ತಿದ್ದರು. ಮೇಜಿನ ನಡುವೆ ಇದ್ದ ನೀರಿನ ಜಗ್ಗು ಅವಳ ಗಲ್ಲಕ್ಕೆ ಅಡ್ಡವಾಗಿತ್ತು. ಕೈ ನೀಡಿ ಅದನ್ನು ಪಕ್ಕಕ್ಕೆ ಸರಿಸಿದರು.